ಬಿಸಿಲು ಯಾರಿಗೆ ರೂಢಿ?

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ವಿಜಯಪುರ, ಬಾಗಲಕೋಟೆಯಲ್ಲೂ ಹೀಗೇ. ಒಳ್ಳೆಯದೇ. ಸುಳ್ಳು ಯಾಕೆ ಹೇಳಲಿ, ಅದರ ಲಾಭ ನನಗೂ ಸಿಗುತ್ತದೆ, ಎರಡು ಗಂಟೆಗೆಲ್ಲ ಊಟ ಮುಗಿಸಿ ಕೂಲರ್ ಮುಂದೆ ಮಲಗಿರುತ್ತೇನೆ. ಆದರೆ ಫ್ಯಾನಿನ ಕೆಳಗೆ ಕೂತವರಿಗೆ ಬಿಸಿಲಿನ ರಿಯಾಯಿತಿ, ಬಿಸಿಲಲ್ಲೇ ನಿಂತ ಗೌಂಡಿ, ಹಮಾಲಿ, ಇಟ್ಟಂಗಿ ಭಟ್ಟಿಯವರಿಗೆ ಏನೂ ಇಲ್ಲ. ಇದ್ಯಾವ ಲೆಕ್ಕ?

ಕೇಳಿದರೆ ಒಂದು ಉತ್ತರ ರೆಡಿ ಇರುತ್ತದೆ: "ನಮ್ಮ ಮಂದಿಗೆ ಬಿಸಿಲು ರೂಢಿ ಬಿಡ್ರಿ." ಹೀಗೆ ಹೇಳುವವರು ಸಾಮಾನ್ಯವಾಗಿ ನೆರಳಲ್ಲಿರುತ್ತಾರೆ. ಮೈ ಸ್ವಲ್ಪ ಮಟ್ಟಿಗೆ ಹೊಂದಿಕೊಳ್ಳುತ್ತದೆ, ನಿಜ, ಆದರೆ ಅದಕ್ಕೂ ಒಂದು ಮಿತಿ ಇದೆ ಅಲ್ವಾ? 43-44 ಡಿಗ್ರಿಯಲ್ಲಿ ಇಡೀ ದಿನ ಕಬ್ಬಿಣ ಹೊತ್ತವನ ಮೈಯಲ್ಲಿ ನೀರು ಬತ್ತಿ, ಹೃದಯ, ಕಿಡ್ನಿ ಎರಡರ ಮೇಲೂ ಹೊರೆ ಬೀಳುತ್ತದೆ. ರಾತ್ರಿಯಾದರೂ ಮೈ ತಣ್ಣಗಾಗಲಿ ಅಂದರೆ ಮಲಗುವುದು ಕಿಟಕಿ ಇಲ್ಲದ ತಗಡಿನ ಶೆಡ್ಡಿನಲ್ಲಿ, ಕರೆಂಟ್ ಇದ್ದರೆ ಇತ್ತು. ಹೆಂಗಸರ ಪಾಡು ಇನ್ನೂ ಬೇರೆ. ಕೆಲಸದ ಜಾಗದಲ್ಲಿ ಶೌಚಾಲಯ ಇರುವುದಿಲ್ಲ, ಹಾಗಾಗಿ ಬೆಳಿಗ್ಗೆಯಿಂದ ಬೇಕಂತಲೇ ನೀರು ಕಡಿಮೆ ಕುಡಿಯುತ್ತಾರೆ, ಆಮೇಲೆ ಉರಿಮೂತ್ರ, ಹೊಟ್ಟೆನೋವು. ಯಾರಾದರೂ ಸತ್ತರೆ ಹೃದಯಾಘಾತ ಅಂತ ಬರೆದು ಮುಗಿಸುತ್ತಾರೆ, ಬಿಸಿಲಿನ ಹೆಸರೇ ಬರುವುದಿಲ್ಲ.

ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಸಾವುಗಳನ್ನು ಬೇರೆ ವರ್ಷಗಳ ಜೊತೆ ಹೋಲಿಸಿ ನೋಡಿದಾಗ 1,300ಕ್ಕೂ ಜಾಸ್ತಿ ಜನ ಹೆಚ್ಚುವರಿಯಾಗಿ ಸತ್ತಿದ್ದು ಗೊತ್ತಾಯಿತು. ಲೆಕ್ಕ ಹಾಕಿದ್ದಕ್ಕೆ ಗೊತ್ತಾಯಿತು. 2013ರಲ್ಲಿ ಆ ನಗರ ಬಿಸಿಗಾಳಿಗೆ ಅಂತಲೇ ಒಂದು ಯೋಜನೆ ಮಾಡಿಕೊಂಡಿತು. ಕೇರಳದಲ್ಲಿ ಬೇಸಿಗೆಗೆ ಮಧ್ಯಾಹ್ನ 12ರಿಂದ 3ರವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದು ಅಂತ ಕಾರ್ಮಿಕ ಇಲಾಖೆಯೇ ಆದೇಶ ಹೊರಡಿಸುತ್ತದೆ. ಅವರಿಗಿಂತ ನಮ್ಮ ಬಿಸಿಲೇನು ಕಡಿಮೆಯಾ?

ಆದರೆ ಸುಮ್ನೆ ಕೆಲಸ ನಿಲ್ಲಿಸಿ ಅಂದರೆ ಆಗುವುದಿಲ್ಲ. ದಿನಗೂಲಿಯವರಿಗೆ ನೆರಳಿಗಿಂತ ಮೊದಲು ಪಗಾರ ಬೇಕು. ಬೇಸಿಗೆಗೆ ಕೆಲಸದ ಅಳತೆ ಕಡಿಮೆ ಮಾಡಿ ಪೂರ್ತಿ ಕೂಲಿ ಕೊಟ್ಟದ್ದು ಉದ್ಯೋಗ ಖಾತ್ರಿಯಲ್ಲಿ ನಮ್ಮ ಭಾಗದಲ್ಲೇ ನಡೆದಿದೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಅಂತ ಕಟ್ಟುವ ಖರ್ಚಿನ ಮೇಲೆ ಶೇ 1 ಸೆಸ್ ಬೇರೆ ವಸೂಲಾಗುತ್ತದೆ. ಏಪ್ರಿಲ್, ಮೇ ಎರಡು ತಿಂಗಳು ಆ ಮೂರು ತಾಸಿನ ಕೂಲಿಯನ್ನು ಅದರಿಂದ ತುಂಬಿಕೊಡಲಿ. ಕೂಲಿಯವರು ನಿಲ್ಲುವ ಅಡ್ಡಾದಲ್ಲಿ ನೆರಳು, ನೀರು, ಒಂದು ಶೌಚಾಲಯ. ಇಷ್ಟಕ್ಕೂ ಯಾವ ಕಮಿಟಿ ಬೇಕು?

ಹೋದ ವರ್ಷ ಮೇ ತಿಂಗಳಲ್ಲೇ ನನ್ನ ಮನೆ ಮೇಲಿನ ಸ್ಲ್ಯಾಬ್ ಹಾಕಿಸಿದೆ. ಫ್ರಿಜ್ಜಿನ ನೀರು ಕೊಟ್ಟು ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಈ ಸಲ ಪ್ಲಾಸ್ಟರ್ ಬಾಕಿ ಇತ್ತು, 12ರಿಂದ 3 ಕೆಲಸ ಬೇಡ, ಪಗಾರ ಕಡಿಯುವುದಿಲ್ಲ ಅಂದೆ. ಮೇಸ್ತ್ರಿ ನಕ್ಕ. "ನಿಮ್ಮದು ನಾಕ್ ದಿನದ ಕೆಲಸ್ರೀ ಸಾಹೇಬ್ರ. ಮುಂದಿನ ಸೈಟಿನ್ಯಾಗ ಇದನ್ನ ಯಾರು ಹೇಳ್ತಾರ?"

– ಒಬ್ಬ ಸರ್ಕಾರಿ ನೌಕರ, ಕಲಬುರಗಿ