ತೂಕ ನೋಡಿದರೆ ಸಾಲದು, ಊಟದ ಹೊತ್ತನ್ನೂ ಕೇಳಿ

ಸಂಪಾದಕರಿಗೆ,

ಲಸಿಕೆಗೆ ಬಂದ ಮಗುವನ್ನು ತೂಗಿ, ಉದ್ದ ಅಳೆದು, ಕಾರ್ಡಿನಲ್ಲಿ ಚುಕ್ಕಿ ಇಡುತ್ತಾರೆ. ಚುಕ್ಕಿ ಗೆರೆಗಳ ನಡುವೆ ಇದ್ದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಒಂದು ಹೊತ್ತು ಉಣಿಸಲು ಮುಕ್ಕಾಲು ಗಂಟೆ ಹಿಡಿಯುತ್ತದೆಯೇ, ಗುಟುಕಿಗೊಮ್ಮೆ ಕೆಮ್ಮು ಬರುತ್ತದೆಯೇ ಎಂದು ಕೇಳುವವರು ಕಡಿಮೆ. ಉಣ್ಣುವ ತೊಂದರೆ ತೂಕದಲ್ಲಿ ಕಾಣಿಸಿಕೊಳ್ಳುವುದು ತಡವಾಗಿ. ಎಚ್ಚರವಿದ್ದಾಗ ಬಾಯಿ ತಿರುಗಿಸುವ ಕೂಸಿಗೆ ನಿದ್ದೆಗಣ್ಣಿನಲ್ಲಿ ಹಾಲು ಕುಡಿಸಿ ತಿಂಗಳುಗಟ್ಟಲೆ ತೂಕ ಕಾಪಾಡುವ ತಾಯಂದಿರಿದ್ದಾರೆ. ಅವರ ಒದ್ದಾಟ ಯಾವ ತಕ್ಕಡಿಗೂ ಸಿಗುವುದಿಲ್ಲ.

ಕೇಳಬೇಕಾದದ್ದು ಬಹಳವಿಲ್ಲ. ಮಗುವಿಗೆ ಉಣ್ಣುವುದು ಇಷ್ಟವೇ? ಹಸಿವಾದಾಗ, ಹೊಟ್ಟೆ ತುಂಬಿದಾಗ ತಿಳಿಸುತ್ತದೆಯೇ? ಸಾಕಷ್ಟು ತಿನ್ನುತ್ತಿದೆ ಎನಿಸುತ್ತದೆಯೇ? ಒಂದು ಸಲಕ್ಕೆ ಎಷ್ಟು ನಿಮಿಷ ಬೇಕು? ಉಣಿಸಲು ಮೊಬೈಲ್ ತೋರಿಸುವುದು, ಕೈ ಹಿಡಿದುಕೊಳ್ಳುವುದು ಇಂಥದ್ದೇನಾದರೂ ಮಾಡಬೇಕಾಗುತ್ತದೆಯೇ? ಎರಡು ಮೂರು ನಿಮಿಷದ ಮಾತು ಇದು. ಪ್ರತಿ ಸಲವೂ 30 ನಿಮಿಷ ಮೀರುತ್ತಿದ್ದರೆ ಅದೊಂದೇ ಉತ್ತರ ಸಾಕು, ಹೆಚ್ಚಿನ ತಪಾಸಣೆಗೆ ಕಳುಹಿಸಬೇಕು. ಎಳೆಗೂಸಿಗೆ ಚೀಪುವುದೇ ದೊಡ್ಡ ದುಡಿಮೆ; ಹೊತ್ತು ಎಳೆದಷ್ಟೂ ಕುಡಿದ ಹಾಲಿನ ಶಕ್ತಿ ಕುಡಿಯುವುದಕ್ಕೇ ಖರ್ಚಾಗುತ್ತದೆ.

ಸಂಶಯ ಬಂದರೆ ಎದುರಿಗೇ ಒಮ್ಮೆ ಉಣಿಸಲು ಹೇಳಿ ನೋಡಬೇಕು. ಇದರಿಂದಲೇ ಬಹಳಷ್ಟು ತಿಳಿಯುತ್ತದೆ. ಹಣೆ ಬೆವರುವುದು, ಉಸಿರು ಏರುವುದು, ಅರ್ಧಕ್ಕೇ ನಿದ್ದೆ ಹೋಗುವುದು, ಮೂಗಿನಿಂದ ಹಾಲು ಬರುವುದು, ನುಂಗಿದ ಮೇಲೆ ಗಂಟಲು ಗೊರಗೊರ ಎನ್ನುವುದು ಕಣ್ಣಿಗೆ, ಕಿವಿಗೆ ಸಿಗುತ್ತವೆ. ಕೆಮ್ಮಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಕೆಲವು ಮಕ್ಕಳಲ್ಲಿ ಹಾಲು ಸದ್ದಿಲ್ಲದೆ ಶ್ವಾಸನಾಳಕ್ಕೆ ಇಳಿಯುತ್ತದೆ. ಮತ್ತೆ ಮತ್ತೆ ಬರುವ ನ್ಯುಮೋನಿಯಾವೇ ಅದರ ಮೊದಲ ಸುಳಿವಾಗಿರಬಹುದು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳು, ಸೀಳಂಗುಳ, ಹೃದ್ರೋಗ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್ ಇರುವ ಮಕ್ಕಳ ವಿಷಯದಲ್ಲಂತೂ ಯಾರಾದರೂ ದೂರು ಹೇಳಲಿ ಎಂದು ಕಾಯಲೇಬಾರದು.

ದೊಡ್ಡ ಮಕ್ಕಳಲ್ಲಿ ನಮಗೆ ಹೆಚ್ಚು ಸಂಕಟ ಕೊಡುವುದು ‘ಹಠಮಾರಿ’ ಎಂಬ ಪಟ್ಟ. 9-10 ತಿಂಗಳು ಕಳೆದರೂ ಎಲ್ಲವನ್ನೂ ನುಣ್ಣಗೆ ಅರೆದೇ ಕೊಡುತ್ತಿದ್ದರೆ ಅಗಿಯುವ ಅಭ್ಯಾಸಕ್ಕೆ ಅವಕಾಶವೇ ಸಿಗುವುದಿಲ್ಲ. ಆಮೇಲೆ ಗಟ್ಟಿ ಪದಾರ್ಥ ಬಾಯಿಗಿಟ್ಟರೆ ಓಕರಿಸುತ್ತದೆ, ಮನೆಯವರು ಬಲವಂತ ಮಾಡುತ್ತಾರೆ, ಮಗು ಚಮಚ ಕಂಡರೇ ಹೆದರುತ್ತದೆ. ಕೌಶಲದ ಕೊರತೆಯ ಮೇಲೆ ಭಯವೂ ಸೇರಿಕೊಂಡರೆ ಬಿಡಿಸುವುದು ಕಷ್ಟ.

ಮಕ್ಕಳ ಉಣ್ಣುವ ತೊಂದರೆಗೆ 2019ರಲ್ಲಿ ತಜ್ಞರು ಒಮ್ಮತದಿಂದ ಒಪ್ಪಿದ ವ್ಯಾಖ್ಯೆಯಲ್ಲಿ ಎರಡು ವಾರದ ಗಡುವಿದೆ. ವಯಸ್ಸಿಗೆ ತಕ್ಕಂತೆ ಉಣ್ಣಲಾಗದ ಸ್ಥಿತಿ ಅಷ್ಟು ದಿನ ಉಳಿದು, ಜೊತೆಗೆ ಆರೋಗ್ಯ, ಪೋಷಣೆ, ಉಣ್ಣುವ ಕೌಶಲ, ಮನಸ್ಸು ಇವುಗಳಲ್ಲಿ ಒಂದರಲ್ಲಾದರೂ ತೊಂದರೆ ಕಂಡರೆ ಅದು ಚಿಕಿತ್ಸೆ ಬೇಕಾದ ಸಮಸ್ಯೆ. ‘ಬೆಳೆದಂತೆ ಸರಿಹೋಗುತ್ತದೆ’ ಎಂದು ವರ್ಷ ಕಳೆಯುವುದು ಸರಿಯಲ್ಲ. ಬೆಳವಣಿಗೆ ಕಾರ್ಡಿನಲ್ಲಿ ತೂಕದ ಪಕ್ಕ ಇನ್ನೊಂದು ಅಂಕಣ ಬರಲಿ: ಉಣಿಸಲು ಹಿಡಿದ ನಿಮಿಷ, ಕೆಮ್ಮು ಇದೆಯೋ ಇಲ್ಲವೋ. ಉಣ್ಣುವಾಗ ತುಟಿ ನೀಲಿಗಟ್ಟಿದರೆ ಅಥವಾ ಉಸಿರು ನಿಂತಂತಾದರೆ ಮಾತ್ರ ಯಾವ ಅಂಕಣಕ್ಕೂ ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

— ಮಕ್ಕಳ ನುಂಗುವಿಕೆ ಚಿಕಿತ್ಸಕರು