ಕಷಾಯಕ್ಕೆ ಹೊಟ್ಟೆಹುಣ್ಣಿನ ಬ್ಯಾಕ್ಟೀರಿಯಾ ಹೋಗಲ್ಲ

ಸಂಪಾದಕರಿಗೆ ನಮಸ್ಕಾರ,

ಗ್ಯಾಸ್ಟ್ರಿಕ್ ಇರೋರು ಖಾರ ಬಿಟ್ಟು ಕಷಾಯ ಕುಡಿದು ಇಮ್ಯೂನಿಟಿ ಬೆಳೆಸ್ಕೊಳ್ಳಿ ಅಂತ ನಿಮ್ಮ ಆರೋಗ್ಯ ಪುಟದಲ್ಲಿ ಬಂದಿತ್ತು, ಓದಿ ಬೇಜಾರಾಯ್ತು. ನಮ್ಮ ದಾವಣಗೆರೆಲಿ ಮೊದಲೇ ಹೊಟ್ಟೆ ಉರಿ ಅಂದ್ರೆ ಮಂಡಕ್ಕಿ ಮಿರ್ಚಿ ಮೇಲೆ ತಪ್ಪು ಹೊರಿಸಿ ಮೆಡಿಕಲ್ ಶಾಪಿಂದ ಗ್ಯಾಸ್ ಮಾತ್ರೆ ತಂದು ವರ್ಷಗಟ್ಟಲೆ ನುಂಗ್ತಾರೆ. ಹುಣ್ಣಾದ ಎಷ್ಟೋ ಜನರಲ್ಲಿ ಕಾರಣ ಎಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾ, ಇದನ್ನ ತೋರಿಸಿಕೊಟ್ಟಿದ್ದಕ್ಕೆ ಆಸ್ಟ್ರೇಲಿಯಾದ ಮಾರ್ಷಲ್ ಮತ್ತು ವಾರೆನ್‌ಗೆ 2005ರಲ್ಲೇ ನೊಬೆಲ್ ಬಂದಿದೆ.

ನಾನು ಪೆಥಾಲಜಿ ಲ್ಯಾಬಲ್ಲಿ ಕೆಲಸ ಮಾಡೋಳು. ಎಂಡೋಸ್ಕೋಪಿಲಿ, ಅಂದ್ರೆ ಬಾಯಿಂದ ಕ್ಯಾಮೆರಾ ಇರೋ ನಳಿಕೆ ಇಳಿಸಿ, ಹೊಟ್ಟೆ ಒಳಪದರದಿಂದ ತೆಗೆದ ಅಕ್ಕಿಕಾಳಿಗಿಂತ ಚಿಕ್ಕ ಚೂರು ನಮ್ಮತ್ರ ಬರುತ್ತೆ, ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ಇಟ್ರೆ ಮೇಲಿನ ಲೋಳೆಲಿ ಬಾಗಿದ ಸಣ್ಣ ಕಡ್ಡಿಗಳು ಕಾಣ್ತವೆ, ಅದರ ಕೆಳಗೆ ಒಳಪದರದ ತುಂಬಾ ಬಿಳಿ ರಕ್ತಕಣ. ಅದರಲ್ಲಿ ನ್ಯೂಟ್ರೋಫಿಲ್ ಅನ್ನೋ ಜಾತಿಯವು ಗ್ರಂಥಿಗಳ ಗೋಡೆ ಒಳಗೇ ನುಗ್ಗಿರ್ತವೆ, ಲಿಂಫೋಸೈಟ್ ಅನ್ನೋ ಜಾತಿಯವು ಗುಂಪು ಗುಂಪಾಗಿ ಕೂತಿರ್ತವೆ, ಆರೋಗ್ಯವಾಗಿರೋ ಹೊಟ್ಟೆಲಿ ಅಂಥ ಗುಂಪು ಸಾಮಾನ್ಯವಾಗಿ ಇರಲ್ಲ. ಇದನ್ನ ನೋಡಿದ ಮೇಲೆ ಇಮ್ಯೂನಿಟಿ ಕಮ್ಮಿಯಾಗಿದೆ ಅಂತ ಹೆಂಗೆ ಹೇಳೋದು? ಕಣಗಳು ಬಂದು ಹೋರಾಡ್ತಾನೇ ಇವೆ, ಆದ್ರೂ ಆ ಬ್ಯಾಕ್ಟೀರಿಯಾ ಲೋಳೆ ಒಳಗೆ ಅವಿತು, ಯೂರಿಯೇಸ್ ಅನ್ನೋ ಕಿಣ್ವದಿಂದ ಅಮೋನಿಯಾ ಮಾಡಿ ಸುತ್ತಲಿನ ಆಸಿಡ್ ಕಮ್ಮಿ ಮಾಡ್ಕೊಂಡು, ಲಿಂಫೋಸೈಟ್‌ಗಳಲ್ಲೇ ಒಂದು ಬಗೆಯಾದ ಟಿ ಕೋಶಗಳ ಕೆಲಸಕ್ಕೂ ಅಡ್ಡಿ ಮಾಡಿ ಉಳ್ಕೊಂಡುಬಿಡುತ್ತೆ, ಔಷಧಿ ಮಾಡದಿದ್ರೆ ಬಹಳಷ್ಟು ಸಲ ಜೀವನ ಪೂರ್ತಿ. ಮುಗಿಯದ ಈ ಉರಿಯೂತಕ್ಕೆ ನಮ್ಮ ಒಳಪದರವೇ ಹಾಳಾಗುತ್ತೆ. ತುಂಬಾ ಜನಕ್ಕೆ ಏನೂ ಗೊತ್ತಾಗಲ್ಲ ನಿಜ, ಆದ್ರೆ ಕೆಲವರಿಗೆ ಹುಣ್ಣು, ಸ್ವಲ್ಪ ಜನಕ್ಕೆ ವರ್ಷಾನುಗಟ್ಟಲೆ ಕಳೆದ ಮೇಲೆ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಇದನ್ನ ಕ್ಯಾನ್ಸರ್‌ಕಾರಕ ಅಂತ ಹೇಳಿದೆ.

ಹೊಟ್ಟೆನೋವು ಬಿಡದೇ ಇದ್ರೆ ಉಸಿರಿನ ಟೆಸ್ಟು ಇಲ್ಲಾ ಮಲದ ಟೆಸ್ಟು ಬಗ್ಗೆ ಡಾಕ್ಟರನ್ನ ಕೇಳಿ ಅಂತ ದಯವಿಟ್ಟು ಬರೀರಿ. ಆಸಿಡ್ ಕಮ್ಮಿ ಮಾಡೋ ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ ತಗೊಳ್ತಿದ್ರೆ ಈ ಟೆಸ್ಟಲ್ಲಿ ರೋಗ ಇದ್ರೂ ಇಲ್ಲ ಅಂತ ಬರಬಹುದು, ಅದಕ್ಕೆ ಡಾಕ್ಟರ್‌ಗೆ ಹೇಳಿ ಎರಡು ವಾರ ಮೊದಲೇ ನಿಲ್ಲಿಸಬೇಕು. ಈ ಬ್ಯಾಕ್ಟೀರಿಯಾಗೆ ಕೊಡೋ ಆ್ಯಂಟಿಬಯೋಟಿಕ್ ಕೋರ್ಸ್ ಸಾಮಾನ್ಯವಾಗಿ 14 ದಿನ, ಬಾಯಿ ಕಹಿ ಆಗುತ್ತೆ, ವಾಕರಿಕೆ ಬರುತ್ತೆ ಅಂತ ಮಧ್ಯದಲ್ಲೇ ಬಿಟ್ರೆ ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಉಳ್ಕೊಳ್ಳಬಹುದು. ಜಗಳೂರು, ಚನ್ನಗಿರಿ ಕಡೆಯಿಂದ ಒಂದು ದಿನದ ಕೂಲಿ ಬಿಟ್ಟು ಎಂಡೋಸ್ಕೋಪಿಗೆ ಅಂತ ಬರೋರನ್ನ ನೋಡ್ತೀನಿ, ಮಲದ ಟೆಸ್ಟು ಅವರ ತಾಲ್ಲೂಕು ಆಸ್ಪತ್ರೆಲೇ ಕಮ್ಮಿ ಖರ್ಚಲ್ಲಿ ಸಿಗೋ ಹಾಗೆ ಆರೋಗ್ಯ ಇಲಾಖೆಯವರು ಮಾಡಬೇಕು.

ಇಂತಿ,
ಲ್ಯಾಬ್ ಟೆಕ್ನಿಷಿಯನ್ ಒಬ್ಬಳು, ದಾವಣಗೆರೆ