ಹೊಗಳಿದ್ದರಿಂದ ಸಿಕ್ಕಿಬಿದ್ದ ಪಿಶಾಚಿ

ಪ್ರಿಯ ಕಿರಿಯ ಮಿತ್ರರಿಗೆ,

ನಮಸ್ಕಾರ. ನೀವು ಕಳುಹಿಸಿದ ಚಿತ್ರಕಥೆಯ ಆರೂ ಕಂತುಗಳನ್ನು ಓದಿ ಮುಗಿಸಿದೆ. ಜೊತೆಗಿದ್ದ ಪತ್ರವನ್ನು ಎರಡು ಸಲ ಓದಿದೆ. ‘ಸೂಪರ್‌ನ್ಯಾಚುರಲ್’ ಧಾರಾವಾಹಿಯ ಜಾನ್ ವಿಂಚೆಸ್ಟರ್‌ನಂಥ ಒಬ್ಬ ತಂದೆಯನ್ನು ಬರೆಯಲು ಹೊರಟೆನೆಂದೂ, ಆದರೆ ಅವನು ಮೊದಲ ಮೂರು ಕಂತುಗಳಲ್ಲಿ ರಾಕ್ಷಸನಾಗಿ, ಕೊನೆಯ ಮೂರರಲ್ಲಿ ಸಂತನಾಗಿ, ಎಲ್ಲಿಯೂ ಮನುಷ್ಯನಾಗದೆ ಉಳಿದನೆಂದೂ ನೀವೇ ಬರೆದಿದ್ದೀರಿ. ರೋಗವನ್ನು ಸರಿಯಾಗಿಯೇ ಗುರುತಿಸಿದ್ದೀರಿ. ಆ ಧಾರಾವಾಹಿಯನ್ನು ಮನೆಯ ಹುಡುಗರು ನೋಡುತ್ತಿದ್ದ ಕಾಲದಲ್ಲಿ ದೆವ್ವ ಹಿಡಿಯುವ ಇಬ್ಬರು ಪಡ್ಡೆಗಳ ಕಥೆಯೆಂದು ಮೂಗು ಮುರಿದವನು ನಾನು. ಮೊದಲ ಸೀಸನ್ನಿನ ಕೊನೆಯ ಕಂತನ್ನು ಆಕಸ್ಮಿಕವಾಗಿ ಪೂರ್ತಿ ನೋಡಿದ ಮೇಲೆ ಹಿಂದಕ್ಕೆ ಹೋಗಿ ಮೊದಲಿನಿಂದ ನೋಡಿದೆ. ಆ ಕಂತಿನ ಮಾತಿಗೆ ಆಮೇಲೆ ಬರುತ್ತೇನೆ.

ಎರಿಕ್ ಕ್ರಿಪ್ಕಿ ಸೃಷ್ಟಿಸಿದ ಈ ಧಾರಾವಾಹಿ ಅಮೆರಿಕದಲ್ಲಿ 2005ರ ಸೆಪ್ಟೆಂಬರ್ 13ರಂದು ಶುರುವಾಗಿ 2020ರ ನವೆಂಬರ್ 19ರಂದು ಮುಗಿಯಿತು. ಹದಿನೈದು ಸೀಸನ್, 327 ಕಂತು. ಜೆಫ್ರಿ ಡೀನ್ ಮಾರ್ಗನ್ ತಂದೆಯಾಗಿ ಕಾಣಿಸಿಕೊಳ್ಳುವುದು ಅದರಲ್ಲಿ ಬೆರಳೆಣಿಕೆಯಷ್ಟು ಕಂತುಗಳಲ್ಲಿ ಮಾತ್ರ. ಎರಡನೆಯ ಸೀಸನ್ನಿನ ಮೊದಲ ಕಂತಿನಲ್ಲಿಯೇ ಅವನು ಸತ್ತುಹೋಗುತ್ತಾನೆ. ಆದರೂ ಅವನಿಲ್ಲದ ಕಂತೆಂದು ಬೊಟ್ಟು ಮಾಡಿ ತೋರಿಸುವುದು ಕಷ್ಟ. ದೊಡ್ಡ ಮಗ ಡೀನ್ ಓಡಿಸುವ 1967ರ ಶೆವ್ರೊಲೆ ಇಂಪಾಲಾ ಕಾರು ಅಪ್ಪನದು, ಮೊದಲ ಸೀಸನ್‌ಗಳಲ್ಲಿ ಹಾಕಿಕೊಳ್ಳುವ ಚರ್ಮದ ಜಾಕೆಟ್ ಅಪ್ಪನದು, ಕೇಳುವ ಹಾಡು ಅಪ್ಪನದು, ದಾರಿ ತಪ್ಪಿದಾಗಲೆಲ್ಲ ತೆರೆಯುವ ಆ ದಪ್ಪ ದಿನಚರಿಯೂ ಅಪ್ಪನದೇ. ನಿಮ್ಮ ತಂದೆ ಪಾತ್ರ ಪ್ರತಿ ದೃಶ್ಯದಲ್ಲಿಯೂ ಬಂದು ನಿಂತು ಮಾತನಾಡುತ್ತದೆ. ಅವನನ್ನು ಸ್ವಲ್ಪ ಮನೆಯಿಂದ ಹೊರಗೆ ಕಳುಹಿಸಿ ನೋಡಿ. ಅವನು ಬಿಟ್ಟುಹೋದ ವಸ್ತುಗಳನ್ನು ಮಕ್ಕಳು ಹೇಗೆ ಮುಟ್ಟುತ್ತಾರೆ ಎಂಬುದು ನಿಮಗೆ ಅವನ ಮಾತಿಗಿಂತ ಹೆಚ್ಚು ಹೇಳೀತು.

ಕಥೆಯ ಬೇರು 1983ರ ನವೆಂಬರ್ 2ರ ರಾತ್ರಿಯಲ್ಲಿದೆ. ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ, ಆರು ತಿಂಗಳ ಕೂಸಾದ ಸ್ಯಾಮ್‌ನ ತೊಟ್ಟಿಲ ಮೇಲಿನ ಚಾವಣಿಯಲ್ಲಿ ತಾಯಿ ಮೇರಿ ಬೆಂಕಿಯಾಗಿ ಉರಿಯುತ್ತಿರುವಾಗ, ತಂದೆ ಕೂಸನ್ನೆತ್ತಿ ನಾಲ್ಕು ವರ್ಷದ ಡೀನ್‌ನ ಕೈಗಿಟ್ಟು, ತಮ್ಮನನ್ನು ಹೊರಗೆ ಕರೆದುಕೊಂಡು ಓಡು, ಹಿಂದಿರುಗಿ ನೋಡಬೇಡ ಎಂದು ಆಜ್ಞಾಪಿಸುತ್ತಾನೆ. ಈ ದೃಶ್ಯವನ್ನು ನೀವು ತಪ್ಪದೆ ಮತ್ತೊಮ್ಮೆ ನೋಡಬೇಕು. ಏಕೆಂದರೆ ಆ ಕ್ಷಣಕ್ಕೆ ಆ ಆಜ್ಞೆ ಸಂಪೂರ್ಣವಾಗಿ ಸರಿಯಾದದ್ದು. ಮನೆ ಉರಿಯುತ್ತಿತ್ತು, ಎರಡು ಜೀವ ಉಳಿಯಬೇಕಿತ್ತು, ಯಾವ ತಂದೆಯಾದರೂ ಹಾಗೆಯೇ ಹೇಳುತ್ತಿದ್ದ. ಬೆಂಕಿ ಆರಿದ ಮೇಲೆ ಆ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನು ಜಾನ್ ಮರೆತ. ಅವನ ತಪ್ಪೆಲ್ಲ ಆ ಮರೆವಿನಿಂದ ಹುಟ್ಟಿದ್ದು. ಇಪ್ಪತ್ತೆರಡು ವರ್ಷಗಳ ನಂತರವೂ ಡೀನ್ ತಮ್ಮನನ್ನು ಎತ್ತಿಕೊಂಡು ಅದೇ ಹುಲ್ಲುಹಾಸಿನ ಮೇಲೆ ಓಡುತ್ತಿದ್ದಾನೆ. ವಿಯೆಟ್ನಾಂ ಯುದ್ಧಕ್ಕೆ ಹೋಗಿಬಂದ ಮಾಜಿ ಸೈನಿಕ, ಕಾರು ರಿಪೇರಿಯ ಗ್ಯಾರೇಜಿನಲ್ಲಿ ದುಡಿಯುತ್ತಿದ್ದ ಸಂಸಾರಸ್ಥ, ಹೆಂಡತಿಯನ್ನು ಕೊಂದ ಪಿಶಾಚಿಯ ಬೆನ್ನು ಹತ್ತಿ ಮೋಟೆಲಿನಿಂದ ಮೋಟೆಲಿಗೆ ಮಕ್ಕಳನ್ನು ಎಳೆದುಕೊಂಡು ಹೋಗುತ್ತಾನೆ. ಮಕ್ಕಳು ಅವನಿಗೆ ‘ಯೆಸ್, ಸರ್’ ಎಂದು ಉತ್ತರ ಕೊಡುತ್ತಾ ಬೆಳೆಯುತ್ತಾರೆ. ನಿಮ್ಮ ತಂದೆಗೆ ನೀವು ಮೊದಲ ಪುಟದಲ್ಲಿಯೇ ಕುಡಿತವನ್ನೂ ಬೆಲ್ಟಿನ ಹೊಡೆತವನ್ನೂ ಕೊಟ್ಟಿದ್ದೀರಿ. ಕೊಡಬಾರದೆಂದಲ್ಲ. ಆದರೆ ಅವನ ತಪ್ಪು ಯಾವ ಸರಿಯಿಂದ ಹುಟ್ಟಿತು ಎಂದು ಕೇಳಿದರೆ ನಿಮ್ಮ ಆರು ಕಂತುಗಳಲ್ಲಿ ಉತ್ತರ ಸಿಗುವುದಿಲ್ಲ.

ಮೊದಲ ಸೀಸನ್ನಿನ ಹದಿನೆಂಟನೆಯ ಕಂತಿನಲ್ಲಿ ಇನ್ನೊಂದು ನೆನಪು ಬರುತ್ತದೆ. ವಿಸ್ಕಾನ್ಸಿನ್‌ನ ಫೋರ್ಟ್ ಡಗ್ಲಸ್ ಎಂಬಲ್ಲಿ, ಮಕ್ಕಳ ಉಸಿರು ಹೀರುವ ಒಂದು ಮಾಟಗಾತಿಯನ್ನು ಬೇಟೆಯಾಡಲು ತಂದೆ ಹೊರಡುತ್ತಾನೆ. ಇನ್ನೂ ಮೀಸೆ ಮೂಡದ ಡೀನ್‌ನ ಬಳಿ ಬಂದೂಕನ್ನೂ ತಮ್ಮನನ್ನೂ ಬಿಟ್ಟು ಹೋಗುತ್ತಾನೆ. ದಿನಗಳು ಕಳೆದರೂ ಅಪ್ಪ ಬರುವುದಿಲ್ಲ. ಕೋಣೆಯಲ್ಲಿ ಕೂತು ಬೇಸತ್ತ ಹುಡುಗ, ತಮ್ಮ ಮಲಗಿದ ಮೇಲೆ ವಿಡಿಯೊ ಗೇಮ್ ಆಡಲು ಹೊರಗೆ ಹೋಗುತ್ತಾನೆ. ವಾಪಸು ಬಂದಾಗ ಆ ಜೀವಿ ತಮ್ಮನ ಮೇಲೆ ಬಾಗಿದೆ. ಹುಡುಗನ ಕೈಯಲ್ಲಿ ಬಂದೂಕಿದೆ, ಗುಂಡು ಹಾರುವುದಿಲ್ಲ. ಅಷ್ಟರಲ್ಲಿ ತಂದೆ ನುಗ್ಗಿ ಬಂದು ಗುಂಡು ಹಾರಿಸುತ್ತಾನೆ, ಚಿಕ್ಕವನನ್ನು ಅಪ್ಪಿಕೊಳ್ಳುತ್ತಾನೆ, ದೊಡ್ಡವನ ಮೇಲೆ ರೇಗುತ್ತಾನೆ. ಆಮೇಲೆ ಅಪ್ಪ ಆ ವಿಷಯ ಎತ್ತಲೇ ಇಲ್ಲ, ಆದರೆ ನನ್ನನ್ನು ನೋಡುವ ರೀತಿ ಬದಲಾಯಿತು ಎಂದು ಬೆಳೆದ ಡೀನ್ ಹೇಳಿಕೊಳ್ಳುತ್ತಾನೆ. ಹೇಗೆ ಹೇಳಿಕೊಳ್ಳುತ್ತಾನೆ ಎಂಬುದನ್ನು ಗಮನಿಸಿ: ಅಪ್ಪ ಆಜ್ಞೆ ಕೊಟ್ಟಿದ್ದ, ನಾನು ಪಾಲಿಸಲಿಲ್ಲ ಎಂದು, ತನ್ನದೇ ಅಪರಾಧವೆಂಬಂತೆ. ಆ ವಯಸ್ಸಿನ ಮಗುವನ್ನು ಹಾಗೆ ಬಿಟ್ಟುಹೋದವರ ಅಪರಾಧವೇನು ಎಂಬ ಲೆಕ್ಕವನ್ನು ಪಾತ್ರಗಳಲ್ಲಿ ಯಾರೂ ಮಾಡುವುದಿಲ್ಲ, ನೋಡುವವನು ಮಾಡುತ್ತಾನೆ. ನಿಮ್ಮ ಎರಡನೆಯ ಕಂತಿನಲ್ಲಿ ದೊಡ್ಡ ಮಗ ಎರಡು ಪುಟದ ಭಾಷಣ ಮಾಡಿ ಅಪ್ಪನ ಪಾಪಗಳ ಪಟ್ಟಿ ಓದುತ್ತಾನೆ. ಆ ಭಾಷಣ ಮುಗಿಯುವಷ್ಟರಲ್ಲಿ ಓದುಗನಾದ ನನಗೆ ಮಾಡಲು ಕೆಲಸವೇ ಉಳಿದಿರಲಿಲ್ಲ.

ಈಗ ನಾನು ಹೇಳಿದ ಆ ಕಂತಿಗೆ ಬರುತ್ತೇನೆ. ಮೊದಲ ಸೀಸನ್ನಿನ ಕೊನೆಯಲ್ಲಿ ಪಿಶಾಚಿಗಳ ಸೆರೆಯಿಂದ ಬಿಡಿಸಿ ತಂದ ತಂದೆಯೊಡನೆ ಇಬ್ಬರು ಮಕ್ಕಳೂ ಒಂದು ಗುಡಿಸಲಿನಂಥ ಮನೆಯಲ್ಲಿ ಅಡಗಿದ್ದಾರೆ. ಪಿಶಾಚಿಯನ್ನು ಕೊಲ್ಲಬಲ್ಲ ಒಂದೇ ಒಂದು ಪಿಸ್ತೂಲು ಅವರ ಬಳಿ ಇದೆ, ಉಳಿದಿರುವ ಗುಂಡುಗಳು ಕೆಲವೇ. ಅದರಲ್ಲಿ ಒಂದನ್ನು ಡೀನ್ ತಮ್ಮನ ಜೀವ ಉಳಿಸಲು ಖರ್ಚು ಮಾಡಿದ್ದಾನೆ. ಅಪ್ಪ ಬೈಯುತ್ತಾನೆಂದು ಅವನು ಕಾದಿದ್ದಾಗ, ಅಪ್ಪ ಮೃದುವಾಗಿ, ನಿನ್ನ ಬಗ್ಗೆ ನನಗೆ ಹೆಮ್ಮೆಯಿದೆ ಎನ್ನುತ್ತಾನೆ. ಕೆಲ ಹೊತ್ತಿಗೆ ಡೀನ್ ಆ ಪಿಸ್ತೂಲನ್ನು ತಂದೆಯ ಎದೆಗೇ ಗುರಿಯಿಡುತ್ತಾನೆ. ನನ್ನ ಅಪ್ಪನಾಗಿದ್ದರೆ ಗುಂಡು ಹಾಳು ಮಾಡಿದ್ದಕ್ಕೆ ನನ್ನ ಚರ್ಮ ಸುಲಿಯುತ್ತಿದ್ದ, ಹೆಮ್ಮೆ ಪಡುತ್ತಿರಲಿಲ್ಲ ಎಂಬುದು ಅವನ ತರ್ಕ. ಮತ್ತು ಆ ತರ್ಕ ಸರಿಯಾಗಿರುತ್ತದೆ: ತಂದೆಯ ಮೈಯೊಳಗೆ ಪಿಶಾಚಿ ಹೊಕ್ಕಿದೆ. ಪವಿತ್ರಜಲವಿಲ್ಲ, ಮಂತ್ರವಿಲ್ಲ, ಒಂದು ಒಳ್ಳೆಯ ಮಾತಿನಿಂದ ಪಿಶಾಚಿ ಸಿಕ್ಕಿಬೀಳುತ್ತದೆ. ಈ ಒಂದು ತಿರುವು ಕಥೆಯನ್ನೂ ಮುಂದಕ್ಕೆ ನಡೆಸುತ್ತದೆ, ಒಬ್ಬ ಮಗನ ಇಡೀ ಬಾಲ್ಯವನ್ನೂ ಬಿಚ್ಚಿಡುತ್ತದೆ. ದೆವ್ವದ ಕಥೆ ಬರೆಯುವುದರಿಂದ ಬರಹಗಾರನಿಗೆ ಸಿಗುವ ಲಾಭ ಇದು. ಸಾಮಾಜಿಕ ಕಥೆಯಲ್ಲಿ ಇದನ್ನೇ ಹೇಳಬೇಕಾದರೆ ಯಾರಾದರೂ ಕೂತು ವಿವರಿಸಬೇಕಾಗುತ್ತಿತ್ತು. ನಿಮ್ಮ ಕಥೆಯಲ್ಲಿ ದೆವ್ವ ಬಾಗಿಲು ಬಡಿಯುತ್ತದೆ, ದೀಪ ಆರಿಸುತ್ತದೆ. ಆ ಮನೆಯವರ ಬಗ್ಗೆ ನಮಗೆ ಗೊತ್ತಿಲ್ಲದ ಏನನ್ನೂ ಹೊರಗೆಳೆಯುವುದಿಲ್ಲ.

ಇದಕ್ಕೆ ಜೋಡಿಯಾದ ದೃಶ್ಯ ಮುಂದಿನ ಕಂತಿನಲ್ಲಿದೆ. ಲಾರಿ ಬಂದು ಇಂಪಾಲಾಕ್ಕೆ ಗುದ್ದಿ, ಡೀನ್ ಆಸ್ಪತ್ರೆಯಲ್ಲಿ ಸಾವಿನ ಅಂಚಿನಲ್ಲಿದ್ದಾನೆ. ಯಾವ ಹಳದಿ ಕಣ್ಣಿನ ಪಿಶಾಚಿಯನ್ನು ಇಪ್ಪತ್ತೆರಡು ವರ್ಷ ಬೆನ್ನಟ್ಟಿದ್ದನೋ ಅದನ್ನೇ ಕರೆದು ಜಾನ್ ತನ್ನ ಪ್ರಾಣವನ್ನೂ ಆ ಪಿಸ್ತೂಲನ್ನೂ ಒಪ್ಪಿಸಿ ಮಗನ ಜೀವ ಬಿಡಿಸಿಕೊಳ್ಳುತ್ತಾನೆ. ನಂತರ ಎಚ್ಚರಗೊಂಡ ಮಗನ ಹತ್ತಿರ ಬಂದು ಹಳೆಯದನ್ನು ನೆನೆಯುತ್ತಾನೆ: ಬೇಟೆ ಮುಗಿಸಿ ನಾನು ನುಚ್ಚುನೂರಾಗಿ ಬರುತ್ತಿದ್ದೆ, ಚಿಕ್ಕವನಾದ ನೀನು ನನ್ನ ಹೆಗಲ ಮೇಲೆ ಕೈಯಿಟ್ಟು ಪರವಾಗಿಲ್ಲ ಅಪ್ಪಾ ಎನ್ನುತ್ತಿದ್ದೆ, ಆ ಮಾತನ್ನು ನಾನು ನಿನಗೆ ಹೇಳಬೇಕಿತ್ತು, ನಿನ್ನ ಮೇಲೆ ಅತಿಯಾದ ಭಾರ ಹೇರಿದೆ, ನನಗೆ ನಿನ್ನ ಬಗ್ಗೆ ಹೆಮ್ಮೆಯಿದೆ ಎಂದು. ಮಗನಿಗೆ ಸಂತೋಷವಾಗುವುದಿಲ್ಲ, ಹೆದರಿಕೆಯಾಗುತ್ತದೆ. ಮಾತನಾಡುತ್ತಿರುವುದು ನಿಜವಾಗಿಯೂ ನೀನೇನಾ ಎಂದು ಕೇಳುತ್ತಾನೆ. ಹಿಂದಿನ ಕಂತಿನಲ್ಲಿ ಇದೇ ಮಾತನ್ನು ಆಡಿದ್ದು ಪಿಶಾಚಿಯಲ್ಲವೇ? ಆಗ ತಂದೆ, ಹೌದು ನಾನೇ ಎಂದು ಹೇಳಿ, ತಮ್ಮನನ್ನು ನೋಡಿಕೊ ಎನ್ನುತ್ತಾನೆ. ಬಾಗಿ ಕಿವಿಯಲ್ಲಿ ಏನೋ ಪಿಸುಗುಡುತ್ತಾನೆ. ಸ್ಯಾಮ್‌ನನ್ನು ಉಳಿಸು, ಉಳಿಸಲಾಗದಿದ್ದರೆ ಅವನನ್ನು ನೀನೇ ಕೊಲ್ಲಬೇಕು ಎಂಬುದೇ ಆ ಪಿಸುಮಾತು ಎಂದು ನಮಗೆ ಹಲವು ಕಂತುಗಳ ನಂತರ ಗೊತ್ತಾಗುತ್ತದೆ. ಭಾರ ಹೇರಿದ್ದಕ್ಕೆ ಕ್ಷಮೆ ಕೇಳಿದ ಅದೇ ಉಸಿರಿನಲ್ಲಿ ಹಿಂದೆಂದಿಗಿಂತ ದೊಡ್ಡ ಭಾರವನ್ನು ಇಟ್ಟು ಹೋಗುವ ಈ ಮನುಷ್ಯನನ್ನು ಪ್ರೀತಿಯಿಲ್ಲದವನೆನ್ನಲು ನನಗೆ ಸಾಧ್ಯವಾಗಿಲ್ಲ, ಕ್ಷಮಿಸಲೂ ಸಾಧ್ಯವಾಗಿಲ್ಲ.

ಚಿಕ್ಕ ಮಗನ ವಿಷಯ ಬೇರೆಯೇ. ಇಬ್ಬರು ಮಕ್ಕಳಿಗೆ ಒಬ್ಬ ತಂದೆ ಎಂಬುದು ರೇಷನ್ ಕಾರ್ಡಿನ ಸತ್ಯ, ಕಥೆಯಲ್ಲಿ ಇಬ್ಬರಿಗೆ ಇಬ್ಬರು ತಂದೆಯರು ಇರುತ್ತಾರೆ. ಸ್ಯಾಮ್ ಓದಲು ಸ್ಟ್ಯಾನ್‌ಫರ್ಡ್‌ಗೆ ಹೊರಟಾಗ, ಹೋದರೆ ತಿರುಗಿ ಬರಬೇಡ ಎಂದವನು ಜಾನ್. ಆಮೇಲೆ ಗುಟ್ಟಾಗಿ ಆ ಕಡೆ ಹೋದಾಗಲೆಲ್ಲ ದೂರದಿಂದ ಮಗನನ್ನು ನೋಡಿ ಬರುತ್ತಿದ್ದವನೂ ಜಾನ್. ಇದನ್ನು ಸ್ಯಾಮ್‌ಗೆ ತಿಳಿಸುವುದು ಅಣ್ಣ, ಅಪ್ಪನಲ್ಲ. ಮುಂದೊಂದು ಕಂತಿನಲ್ಲಿ ತಂದೆ ತಾನಾಗಿಯೇ ಒಂದು ಸಂಗತಿ ಹೇಳುತ್ತಾನೆ: ನೀನು ಹುಟ್ಟಿದಾಗ ನಿನ್ನ ಕಾಲೇಜಿಗೆಂದು ಉಳಿತಾಯ ಖಾತೆ ತೆರೆದು ತಿಂಗಳಿಗೆ ನೂರು ಡಾಲರ್ ಕಟ್ಟಲು ಶುರು ಮಾಡಿದ್ದೆ, ಡೀನ್‌ಗೂ ಹಾಗೆಯೇ ಮಾಡಿದ್ದೆ ಎಂದು. ಆ ಹಣ ಏನಾಯಿತು ಎಂದು ಮಗ ಕೇಳಿದರೆ, ಮದ್ದುಗುಂಡಿಗೆ ಖರ್ಚಾಯಿತು ಎನ್ನುತ್ತಾನೆ. ಇಬ್ಬರೂ ನಗುತ್ತಾರೆ. ಜಗಳವಾಡಿದ ಇಬ್ಬರನ್ನು ಒಟ್ಟಿಗೆ ನಗಿಸುವ ಧೈರ್ಯ ನಿಮ್ಮ ಕಥೆಗೆ ಇನ್ನೂ ಬಂದಿಲ್ಲ.

ನಾಲ್ಕನೆಯ ಸೀಸನ್ನಿನಲ್ಲಿ ಮೂರನೆಯ ಮಗನೊಬ್ಬ ಹೊರಬೀಳುತ್ತಾನೆ. ಮಿನೆಸೋಟಾದ ವಿಂಡಮ್‌ನಲ್ಲಿ ತಾಯಿಯೊಂದಿಗೆ ಬೆಳೆದ ಆಡಮ್. ಹುಟ್ಟುಹಬ್ಬಕ್ಕೆ ಜಾನ್ ಅವನನ್ನು ಬೇಸ್‌ಬಾಲ್ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದ. ಅಪ್ಪನಿಗೆ ಹಾಗೆ ಬದುಕಲು ಬರುತ್ತಿರಲಿಲ್ಲ ಎಂದು ಇಷ್ಟು ವರ್ಷ ನಂಬಿದ್ದ ಡೀನ್‌ಗೆ, ಬರುತ್ತಿತ್ತು, ನಮ್ಮ ಜೊತೆ ಮಾತ್ರ ಬದುಕಲಿಲ್ಲ ಎಂದು ಗೊತ್ತಾಗುತ್ತದೆ. ಏಟಿಗಿಂತ ಹೆಚ್ಚು ನೋಯಿಸುವುದು ಇಂಥ ಒಂದು ಆಟದ ಟಿಕೆಟ್ಟು. ಇದೇ ಕಂತಿನಲ್ಲಿ ಅವನು ತಮ್ಮನಿಗೆ ಹೇಳುತ್ತಾನೆ, ನಾನು ಅಪ್ಪನಂತೆ ಬಟ್ಟೆ ತೊಟ್ಟೆ, ಅಪ್ಪನಂತೆ ನಡೆದುಕೊಂಡೆ, ಆದರೆ ಅಪ್ಪನನ್ನು ಹೋಲುವವನು ನೀನು ಎಂದು.

ಎಲ್ಲವನ್ನೂ ಮೆಚ್ಚಿ ಬರೆಯುತ್ತಿದ್ದೇನೆಂದು ತಿಳಿಯಬೇಡಿ. ಎಂಟನೆಯ ಸೀಸನ್ನಿನಲ್ಲಿ ಜಾನ್‌ನ ತಂದೆ ಹೆನ್ರಿಯನ್ನು ತರುತ್ತಾರೆ; 1958ರಲ್ಲಿ ಆತ ಕಾಣೆಯಾದ ಕಾರಣ ಅಪ್ಪ ನನ್ನನ್ನು ಬಿಟ್ಟುಹೋದ ಎಂದೇ ಜಾನ್ ಬೆಳೆದನಂತೆ. ನನಗೆ ಇದು ತಡವಾಗಿ ಹೊಲಿದ ತೇಪೆಯಂತೆ ಕಂಡಿತು. ತಪ್ಪಿನ ಹಿಂದೊಂದು ತಪ್ಪು, ಅದರ ಹಿಂದೆ ಇನ್ನೊಂದು ಎಂದು ಅಜ್ಜನವರೆಗೆ ಹೋದರೆ ಮುತ್ತಜ್ಜನವರೆಗೂ ಹೋಗಬಹುದು. ಐದನೆಯ ಸೀಸನ್ನಿನ ಒಂದು ದೃಶ್ಯ ನನಗೆ ಹೆಚ್ಚು ಹಿಡಿಸಿತು. ಕಾಲದಲ್ಲಿ ಹಿಂದಕ್ಕೆ, 1978ಕ್ಕೆ ಹೋದ ಸ್ಯಾಮ್, ಎದುರಿಗಿರುವವನು ತನ್ನ ಮಗನೆಂದು ಅರಿಯದ ಯುವಕ ಜಾನ್‌ಗೆ ತನ್ನ ತಂದೆಯ ಬಗ್ಗೆ ಹೇಳುತ್ತಾನೆ. ಮಕ್ಕಳನ್ನು ಇಂಥ ಬದುಕಿನಲ್ಲಿ ಬೆಳೆಸುವವನು ಎಂಥ ತಂದೆ ಎಂದು ಆ ಯುವಕ ಸಿಡಿಮಿಡಿಗೊಳ್ಳುತ್ತಾನೆ. ಮಗನೇ ಆಗ ಅಪ್ಪನ ಪರ ವಾದಿಸಬೇಕಾಗುತ್ತದೆ. ಜಾನ್‌ಗೆ ಅತ್ಯಂತ ಕಠಿಣ ತೀರ್ಪು ಕೊಟ್ಟವನು ಜಾನ್‌ನೇ.

2019ರ ಫೆಬ್ರವರಿಯಲ್ಲಿ ಬಂದ ಮುನ್ನೂರನೆಯ ಕಂತಿನಲ್ಲಿ ತಂದೆ 2003ರಿಂದ ಎದ್ದು ಬರುತ್ತಾನೆ, ಅಷ್ಟರಲ್ಲಿ ಮತ್ತೆ ಜೀವ ಪಡೆದಿದ್ದ ಹೆಂಡತಿ ಮತ್ತು ಮಕ್ಕಳೊಂದಿಗೆ ಒಂದು ಊಟ ಮಾಡುತ್ತಾನೆ, ಸ್ಯಾಮ್‌ನ ಮುಂದೆ ಕ್ಷಮೆ ಕೇಳುತ್ತಾನೆ. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನೀವು ನಕಲು ಮಾಡಿರುವುದು ಈ ದೃಶ್ಯವನ್ನೇ, ಅದೂ ಅರ್ಧದಷ್ಟು. ಆ ಕಂತಿನಲ್ಲಿ ಜಾನ್ ತನ್ನ ಕಾಲಕ್ಕೆ ಮರಳಲೇಬೇಕು, ಮರಳಿದ ಮೇಲೆ ಅದು ಅವನಿಗೆ ಒಂದು ಕನಸಾಗಿ ಮಾತ್ರ ಉಳಿಯುತ್ತದೆ. ಕ್ಷಮೆ ಕೇಳಿದವನು ತಾನು ಕೇಳಿದ್ದನ್ನು ತಿಳಿಯದೆ, 2003ರಲ್ಲಿ ಕಾರಿನಲ್ಲಿ ಎಚ್ಚರಗೊಂಡು, ಮುಂದೆ ಮಾಡಬೇಕಾದ ತಪ್ಪುಗಳನ್ನೆಲ್ಲ ಮಾಡುತ್ತಾನೆ. ನಿಮ್ಮ ಆರನೆಯ ಕಂತಿನಲ್ಲಿ ತಂದೆ ಅಳುತ್ತಾನೆ, ಮಕ್ಕಳು ತಬ್ಬಿಕೊಳ್ಳುತ್ತಾರೆ, ಮಳೆಯೂ ಸುರಿಯುತ್ತದೆ.

ಆ ನಾಲ್ಕು ಪುಟಗಳನ್ನು ತೆಗೆದುಬಿಡಿ. ಮಳೆಯನ್ನಂತೂ ಖಂಡಿತ ತೆಗೆಯಿರಿ. ಮೂರನೆಯ ಕಂತಿನಲ್ಲಿ ನೀವು ಗಮನಿಸದೆ ಬರೆದ ಒಂದು ಸಾಲಿದೆ: ಅಪ್ಪ ಊಟಕ್ಕೆ ಕೂತಾಗ ದೊಡ್ಡ ಮಗ ತಮ್ಮನ ತಟ್ಟೆಯನ್ನು ಅಪ್ಪನಿಂದ ಒಂದು ಗೇಣು ಆಚೆಗೆ ಸರಿಸುತ್ತಾನೆ. ಅಪ್ಪ ಅದನ್ನು ನೋಡಿದನೋ ಇಲ್ಲವೋ ನೀವು ಬರೆದಿಲ್ಲ. ಕೊನೆಯ ಕಂತಿನಲ್ಲಿ ಅವರನ್ನು ಮತ್ತೊಮ್ಮೆ ಊಟಕ್ಕೆ ಕೂರಿಸಿ, ಈ ಸಲ ಅಪ್ಪನೇ ಬಡಿಸಲಿ. ದೊಡ್ಡವನು ತಟ್ಟೆಯನ್ನು ಎಲ್ಲಿಡುತ್ತಾನೆ ಎಂದು ನನಗೂ ತಿಳಿಯುವ ಕುತೂಹಲವಿದೆ. ಅದಷ್ಟನ್ನೇ ಬರೆದು ಕಳುಹಿಸಿ, ಉಳಿದದ್ದನ್ನು ಆಮೇಲೆ ನೋಡೋಣ.

ಇಂತು ನಿಮ್ಮ ಹಿತೈಷಿ,
ಒಬ್ಬ ಹಳೆಯ ಬರಹಗಾರ